ಪೆಟ್ರೋಲ್ ಪ್ರೆಶರ್ ಇಳಿಸಿದ್ರೆ ಮೈಲೇಜ್ ಜಾಸ್ತಿ ಆಗುತ್ತಾ?

ಮಲ್ನಾಡ್_ಸವಾರ:
ಎಲ್ಲರಿಗೂ ನಮಸ್ಕಾರ. ನಂದು 2003 ಮಾಡೆಲ್ 1.3 ಪೆಟ್ರೋಲ್ ಸೆಡಾನ್, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಒಂದು ಇಂಜೆಕ್ಟರ್), ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ಲೈನ್ ಇರೋದು. ಮೊದ್ಲು ಹೈವೇಲಿ 15 ಕೊಡ್ತಿತ್ತು, ಈಗ 11 ದಾಟ್ತಿಲ್ಲ. ಮೆಕ್ಯಾನಿಕ್ ಒಬ್ರು ಪೆಟ್ರೋಲ್ ಪ್ರೆಶರ್ ಹಿಡಿತದಲ್ಲಿಡೋ ಒರಿಜಿನಲ್ ರೆಗ್ಯುಲೇಟರ್ ತೆಗ್ದು ಅಡ್ಜಸ್ಟಬಲ್ ಹಾಕಿ ಪ್ರೆಶರ್ ಸ್ವಲ್ಪ ಇಳಿಸೋಣ, ಕಮ್ಮಿ ಕುಡಿಯುತ್ತೆ ಅಂತಿದಾರೆ. ಯಾರಾದ್ರೂ ಮಾಡ್ಸಿದೀರಾ?

ಸ್ಪ್ಯಾನರ್ ಮಂಜ:
ಸುಮ್ನೆ ದುಡ್ಡು ದಂಡ ಸಾರ್. ಕಾರ್ಬುರೇಟರ್ ಕಾಲದಲ್ಲಿ ಸ್ಕ್ರೂ ತಿರುಗಿಸಿ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಮಾಡ್ತಿದ್ರಲ್ಲ, ಅದೇ ತಲೇಲಿಟ್ಕೊಂಡು ಹೇಳ್ತಿದಾರೆ. ಪ್ರೆಶರ್ 10% ಇಳಿಸಿದ್ರೆ ಇಂಜೆಕ್ಟರಿಂದ ಬರೋ ಪೆಟ್ರೋಲ್ ಕಮ್ಮಿ ಆಗೋದು ಬರೀ 5%, ಅದನ್ನೂ ಎಕ್ಸಾಸ್ಟ್‌ನಲ್ಲಿರೋ ಆಕ್ಸಿಜನ್ ಸೆನ್ಸರ್ ಹಿಡಿದು ಹೇಳುತ್ತೆ, ಇಸಿಯು (ಇಂಜಿನ್ ಕಂಪ್ಯೂಟರ್) ಇಂಜೆಕ್ಟರನ್ನ ಇನ್ನೊಂಚೂರು ಹೊತ್ತು ಓಪನ್ ಇಟ್ಟು ಮತ್ತೆ ಗಾಳಿ-ಪೆಟ್ರೋಲ್ 14.7ಕ್ಕೆ 1 ಮಾಡ್ಕೊಳುತ್ತೆ, ಅಲ್ಲಿಗೆ ಮುಗೀತು. ಕಾಲು ಪೂರ್ತಿ ಒತ್ತಿದಾಗ ಇಸಿಯು ಆ ಸೆನ್ಸರ್ ಮಾತು ಕೇಳಲ್ಲ, ಆಗ ನಿಜವಾಗ್ಲೂ ಲೀನ್ ಆಗಿ ಘಾಟಿ ಹತ್ತುವಾಗ ನಾಕಿಂಗ್ (ಇಂಜಿನ್ ಒಳಗೆ ಕಟಕಟ ಸದ್ದು) ಶುರು. ಸ್ಪ್ರೇನೂ ನುಣ್ಣಗೆ ಬರಲ್ಲ.

ಹುಬ್ಳಿ_ಗಾಡಿ:
ಮಂಜಣ್ಣ ಹೇಳಿದ್ದು ಖರೇ ಐತ್ರಿ. ಆದ್ರ ಇರೋ ರೆಗ್ಯುಲೇಟರ್ ಚೆಕ್ ಮಾಡ್ಸ್ರಿ. ಗೇಜ್ ಹಾಕಿ, ಇಂಜಿನ್ ಆಫ್ ಇಟ್ಟು ಪಂಪ್ ಅಷ್ಟ ಓಡಿಸಿದ್ರ ಸುಮಾರು 3 ಬಾರ್ ತೋರಿಸ್ಬೇಕು, ಐಡಲ್‌ನಾಗ ಅದಕ್ಕಿಂತ ಅರ್ಧ ಬಾರ್‌ಗೂ ಜಾಸ್ತಿ ಇಳೀಬೇಕು. ಅದರ ಮ್ಯಾಲಿನ ಸಣ್ಣ ವ್ಯಾಕ್ಯೂಮ್ ಪೈಪ್ ಕಿತ್ತು ಮೂಸಿ ನೋಡ್ರಿ (ಇಂಜಿನ್ ತಣ್ಣಗಿದ್ದಾಗ, ಬೀಡಿ ದೂರ ಇಟ್ಟು), ಒಳಗ ಪೆಟ್ರೋಲ್ ಹಸಿ ಇದ್ರ ಡಯಾಫ್ರಾಮ್ (ರೆಗ್ಯುಲೇಟರ್ ಒಳಗಿನ ರಬ್ಬರ್ ಪದರ) ಹರಿದೈತಿ ಅಂತ, ಸೀದಾ ಮ್ಯಾನಿಫೋಲ್ಡಿಗೆ (ಇಂಜಿನ್‌ಗೆ ಗಾಳಿ ಹೋಗೋ ದಾರಿ) ಕುಡೀತಿರ್ತೈತಿ.

ಮಲ್ನಾಡ್_ಸವಾರ:
ಥ್ಯಾಂಕ್ಸ್. ಪೈಪ್ ತೆಗ್ದು ನೋಡ್ದೆ, ಒಣಗಿದೆ, ವಾಸನೆ ಏನೂ ಇಲ್ಲ. ಡೀಸೆಲ್ ಗಾಡಿಗೆ ಟ್ಯೂನಿಂಗ್ ಬಾಕ್ಸ್ ಹಾಕಿ ಪ್ರೆಶರ್ ಏರಿಸ್ತಾರಲ್ಲ, ಅದು?

ಸ್ಪ್ಯಾನರ್ ಮಂಜ:
ಅದು ಪವರಿಗೆ ಸಾರ್, ಅಲ್ಲಿ ಸಾವಿರ ಬಾರ್‌ಗೂ ಮೇಲಿನ ಆಟ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೈವೇಲಿ ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತೆ ಹೇಳಿ?

ಮಲ್ನಾಡ್_ಸವಾರ:
ಕಾಲು ಭಾಗ ದಾಟಲ್ಲ. ತಣ್ಣಗಿದ್ರೆ ಒಳ್ಳೇದೇ ಅಲ್ವಾ?

ಸ್ಪ್ಯಾನರ್ ಮಂಜ:
ಸಿಕ್ತಲ್ಲ ಕಳ್ಳ 😄 ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆಗೋವರೆಗೂ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ಓಪನ್ ಆಗಿ ಸ್ಟಕ್ ಆಗಿರುತ್ತೆ, ಇಲ್ಲಾ ಯಾರೋ ಕಿತ್ತು ಬಿಸಾಕಿರ್ತಾರೆ, ಗಾಡಿ ಹೀಟ್ ಆಗುತ್ತೆ ಅಂತ ಅದನ್ನ ತೆಗೆಯೋ ಚಟ ನಮ್ಮ ಗ್ಯಾರೇಜುಗಳಲ್ಲಿ ಇದ್ದೇ ಇದೆ. ಇಂಜಿನ್ ಇನ್ನೂ ಬಿಸಿ ಆಗಿಲ್ಲ ಅಂತ ಇಸಿಯು ದಾರಿ ಉದ್ದಕ್ಕೂ ಹೆಚ್ಚಿಗೆ ಪೆಟ್ರೋಲ್ ಸುರೀತಿರುತ್ತೆ. ಮೊದ್ಲು ಹೌಸಿಂಗ್ ಬಿಚ್ಚಿಸಿ ಒಳಗೆ ಇದೆಯಾ ನೋಡಿ.