ಪೆಟ್ರೋಲ್ ದರದ ಬಗ್ಗೆ ಸುಮಾಳ ಸಂದೇಶಕ್ಕೆ ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ಬೆಳಗಿನಿಂದ ಗುಂಪಿನಲ್ಲಿ ನಡೆದ ಮಾತನ್ನೆಲ್ಲ ಈಗ ಕುಳಿತು ಓದಿದೆ. 2014ರಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 105 ಡಾಲರ್ ಇದ್ದಾಗ ಪೆಟ್ರೋಲ್ 71 ರೂಪಾಯಿ ಇತ್ತು, 2025ರ ಅಕ್ಟೋಬರ್‌ನಲ್ಲಿ 65 ಡಾಲರ್ ಇದ್ದಾಗ 103 ರೂಪಾಯಿ ಎಂದು ಸುಮಾ ಒಂದು ಸಂದೇಶ ಹಾಕಿದಳು. ಭಾವ ಅದಕ್ಕೆ, ಇದೆಲ್ಲ ರಾಜ್ಯ ಸರ್ಕಾರದ ತೆರಿಗೆಯ ಕೆಲಸ ಎಂದರು. ಡಲ್ಲಾಸ್‌ನಿಂದ ರಾಘು, 2022ರಲ್ಲಿ ಅಮೆರಿಕದಲ್ಲೂ ಗ್ಯಾಲನ್ನಿಗೆ (ಸುಮಾರು 3.8 ಲೀಟರ್) ಸರಾಸರಿ 5 ಡಾಲರ್ ದಾಟಿತ್ತು, ದರ ಏರಿಕೆ ಎಲ್ಲ ಕಡೆಯೂ ಒಂದೇ ಎಂದ. ಇಷ್ಟರ ನಡುವೆ ಮಂಜು ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ: ಶಾಲಾ ವ್ಯಾನಿನ ಬಾಡಿಗೆಯನ್ನು ಎಷ್ಟು ಹೆಚ್ಚಿಸುವುದು ನ್ಯಾಯ? ಹಾಸನದ ಬಂಕಿನಲ್ಲಿ ಲೆಕ್ಕ ಬರೆಯುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಈ ವಿಷಯದಲ್ಲಿ ಸುಮ್ಮನಿರಲು ನನಗೆ ಆಗುವುದಿಲ್ಲ. ಸಂದೇಶ ಉದ್ದವಾಗುತ್ತದೆ, ಸಮಾಧಾನದಿಂದ ಓದಿ.

ಸುಮಾ, ಆ ಅಂಕಿಗಳು ಸುಳ್ಳಲ್ಲ, ಜೋಡಿಸಿದ ರೀತಿ ಸರಿಯಿಲ್ಲ. 71 ರೂಪಾಯಿ ಎಂಬುದು 2014ರ ಮೇ ತಿಂಗಳಿನ ದೆಹಲಿಯ ದರ. 103 ಎಂಬುದು ಬೆಂಗಳೂರಿನ 2025ರ ದರ. ದೆಹಲಿಯಲ್ಲಿ ಆಗ 94 ರೂಪಾಯಿ ಚಿಲ್ಲರೆ ಇತ್ತು. ಎರಡು ಊರಿನ ದರವನ್ನು ಒಂದೇ ಸಾಲಿನಲ್ಲಿಟ್ಟರೆ ಎಂಟು ರೂಪಾಯಿ ಅಲ್ಲಿಯೇ ಸೇರಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡದು ಡಾಲರ್ ಲೆಕ್ಕ. 2014ರಲ್ಲಿ ಒಂದು ಡಾಲರ್‌ಗೆ ಹತ್ತಿರ ಹತ್ತಿರ 60 ರೂಪಾಯಿ, 2025ರ ಅಕ್ಟೋಬರ್‌ನಲ್ಲಿ 88ರ ಆಸುಪಾಸು. ಒಂದು ಬ್ಯಾರೆಲ್ ಎಂದರೆ 159 ಲೀಟರ್. 105 ಡಾಲರನ್ನು 60ರಿಂದ ಗುಣಿಸಿ 159ರಿಂದ ಭಾಗಿಸಿ ನೋಡು, ಲೀಟರ್ ಕಚ್ಚಾ ತೈಲಕ್ಕೆ ಸುಮಾರು 40 ರೂಪಾಯಿ ಬರುತ್ತದೆ. 65 ಡಾಲರನ್ನು 88ರಿಂದ ಗುಣಿಸಿ ಹಾಗೆಯೇ ಮಾಡಿದರೆ 36. ಡಾಲರಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದ ತೈಲ ನಮ್ಮ ರೂಪಾಯಿಯಲ್ಲಿ ಇಳಿದದ್ದು ಲೀಟರಿಗೆ ನಾಲ್ಕು ರೂಪಾಯಿ ಮಾತ್ರ. ಆ ಸಂದೇಶ ಬರೆದವರು ಈ ಸಾಲನ್ನು ಬಿಟ್ಟಿದ್ದಾರೆ.

ಹಾಗೆಂದು ತೆರಿಗೆಯ ಪಾಲು ಸಣ್ಣದು ಎಂದು ನಾನು ಹೇಳುತ್ತಿಲ್ಲ. ತೈಲ ನಾಲ್ಕು ರೂಪಾಯಿ ಇಳಿದಾಗ ದೆಹಲಿಯಲ್ಲೇ ಪೆಟ್ರೋಲ್ 23 ರೂಪಾಯಿ ಏರಿತ್ತಲ್ಲ, ಅದು ಎಲ್ಲಿಂದ ಬಂತು? 2014ರಲ್ಲಿ ಪೆಟ್ರೋಲ್ ಮೇಲಿನ ಕೇಂದ್ರ ಅಬಕಾರಿ ಸುಂಕ ಲೀಟರಿಗೆ 9.48 ರೂಪಾಯಿ, ಡೀಸೆಲ್ ಮೇಲೆ 3.56. ಆ ವರ್ಷದ ಉತ್ತರಾರ್ಧದಲ್ಲಿ ಕಚ್ಚಾ ತೈಲ ಕುಸಿಯತೊಡಗಿತು. 2014ರ ನವೆಂಬರ್‌ನಿಂದ 2016ರ ಜನವರಿಯವರೆಗೆ ಒಂಬತ್ತು ಬಾರಿ ಸುಂಕ ಏರಿಸಿದರು. ಆ ಜನವರಿಯಲ್ಲಿ ತೈಲ 30 ಡಾಲರಿಗಿಂತ ಕೆಳಗೆ ಹೋಗಿತ್ತು, ಪೆಟ್ರೋಲ್ ಸುಂಕ 21 ರೂಪಾಯಿ ದಾಟಿತ್ತು. ಇಳಿದ ಹಣ ನಮ್ಮ ಜೇಬಿಗೆ ಬರಬೇಕಾಗಿತ್ತು, ದಾರಿಯಲ್ಲೇ ಖಜಾನೆಗೆ ತಿರುಗಿತು.

2020ರಲ್ಲಿ ಆದದ್ದು ಇನ್ನೂ ನಿಚ್ಚಳ. ಲಾಕ್‌ಡೌನ್ ಸಮಯ, ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ, ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ದರ (ಮುಂದೆ ಕೊಡುವ ತೈಲಕ್ಕೆ ಮೊದಲೇ ಕುದುರಿಸುವ ದರ) ಸೊನ್ನೆಗಿಂತಲೂ ಕೆಳಗೆ ಹೋಯಿತು. ಮೇ ಮೊದಲ ವಾರದಲ್ಲಿ ಒಂದೇ ರಾತ್ರಿ ಪೆಟ್ರೋಲ್ ಮೇಲೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಸೇರಿಸಿದರು. ಪೆಟ್ರೋಲ್ ಸುಂಕ 32.98ಕ್ಕೆ ಬಂತು. ಬಂಕಿನ ದರ ಆ ರಾತ್ರಿ ಬದಲಾಗಲೇ ಇಲ್ಲ, ಆದ್ದರಿಂದ ಯಾರೂ ಗಮನಿಸಲಿಲ್ಲ. ಮುಂದಿನ ವರ್ಷ ತೈಲ ಮತ್ತೆ ಏರಿದಾಗ ಆ ಸುಂಕದ ಮೇಲೆಯೇ ಏರಿತು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ದಾಟಿತು, ಶಿರಸಿ ಮತ್ತು ಬಳ್ಳಾರಿಯಲ್ಲಿ ಅದಕ್ಕೂ ಮೊದಲೇ. ನವೆಂಬರ್ ಹೊತ್ತಿಗೆ ಬೆಂಗಳೂರಿನಲ್ಲಿ 113.93. ದೀಪಾವಳಿಗೆ ಕೇಂದ್ರ 5 ರೂಪಾಯಿ, ರಾಜ್ಯ 7 ರೂಪಾಯಿ ಕಡಿಮೆ ಮಾಡಿದಾಗ ಉಪಕಾರವಾಯಿತು ಎಂದು ಎಲ್ಲರೂ ಸಂತೋಷಪಟ್ಟರು. ನನಗೆ ಸಂತೋಷವಾಗಲಿಲ್ಲ, ಏಕೆಂದರೆ 2020ರ ಮೇ ತಿಂಗಳಲ್ಲಿ ಕೇಂದ್ರ ಸೇರಿಸಿದ ಹತ್ತರಲ್ಲಿ ಅದು ಬಿಟ್ಟದ್ದು ಐದು. 2022ರ ಮೇ ತಿಂಗಳಲ್ಲಿ ಇನ್ನೂ 8 ರೂಪಾಯಿ ಇಳಿಸಿದರು, ಸುಂಕ 19.90 ಆಯಿತು. 2025ರ ಏಪ್ರಿಲ್‌ನಲ್ಲಿ ತೈಲ ಮತ್ತೆ ಇಳಿದಾಗ ಎರಡು ರೂಪಾಯಿ ಸೇರಿಸಿ 21.90 ಮಾಡಿದರು. ಆ ಸಲವೂ ಬಂಕಿನ ದರ ಅಲುಗಾಡಲಿಲ್ಲ.

ಭಾವ, ಈಗ ನಿಮ್ಮ ಮಾತಿಗೆ ಬರುತ್ತೇನೆ. ರಾಜ್ಯದ ಪಾಲು ಇದೆ, ದೊಡ್ಡದಾಗಿಯೇ ಇದೆ. 2024ರ ಜೂನ್ 15ರಂದು ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು, ಬೆಂಗಳೂರಿನ ದರ 99.84ರಿಂದ 102.84 ಆಯಿತು. ಲೋಕಸಭಾ ಚುನಾವಣೆಯ ಫಲಿತಾಂಶ ಬಂದು ಎರಡು ವಾರವೂ ಆಗಿರಲಿಲ್ಲ. 2025ರ ಏಪ್ರಿಲ್ 1ಕ್ಕೆ ಡೀಸೆಲ್ ತೆರಿಗೆ ಶೇ 21.17 ಆಯಿತು. ಈ ತೆರಿಗೆ ಶೇಕಡಾವಾರು ಇರುವುದರಿಂದ ತೈಲ ಏರಿದರೂ ರಾಜ್ಯಕ್ಕೆ ಹೆಚ್ಚು ಬರುತ್ತದೆ, ಕೇಂದ್ರದ ಸುಂಕ ಏರಿದರೂ ಅದರ ಮೇಲೆ ಮತ್ತೆ ತೆರಿಗೆ ಬೀಳುತ್ತದೆ. 2025ರಲ್ಲಿ ಬೆಂಗಳೂರಿನಲ್ಲಿ ಒಂದು ಲೀಟರಿಗೆ ಕೊಟ್ಟ 103ರಲ್ಲಿ ತೈಲ, ಶುದ್ಧೀಕರಣ, ಸಾಗಾಟ ಎಲ್ಲ ಸೇರಿ ಸುಮಾರು 54, ಕೇಂದ್ರಕ್ಕೆ ಹತ್ತಿರ ಹತ್ತಿರ 22, ರಾಜ್ಯಕ್ಕೆ 23ರಷ್ಟು, ಬಂಕಿನವರ ಕಮಿಷನ್ ನಾಲ್ಕು ಚಿಲ್ಲರೆ. ಎರಡು ಸರ್ಕಾರಗಳೂ ಸರಿಸುಮಾರು ಸಮನಾಗಿ ತೆಗೆದುಕೊಂಡಿವೆ. ಒಬ್ಬರನ್ನು ಮಾತ್ರ ದೂರುವವರ ಮಾತನ್ನು ನಾನು ಒಪ್ಪುವುದಿಲ್ಲ, ಅವರು ಯಾವ ಪಕ್ಷದವರಾಗಿರಲಿ.

ಒಂದು ವಿಷಯವನ್ನು ಮಾತ್ರ ರಾಜ್ಯದ ಪರವಾಗಿ ಹೇಳಲೇಬೇಕು. ಕೇಂದ್ರದ ಆ 21.90ರಲ್ಲಿ ಮೂಲ ಅಬಕಾರಿ ಸುಂಕ ಎಂಬುದು ಬರೀ 1.40 ರೂಪಾಯಿ. ಉಳಿದದ್ದೆಲ್ಲ ವಿಶೇಷ ಹೆಚ್ಚುವರಿ ಸುಂಕ, ರಸ್ತೆ ಸೆಸ್, ಕೃಷಿ ಸೆಸ್ (ಸೆಸ್ ಎಂದರೆ ಒಂದು ಉದ್ದೇಶಕ್ಕೆಂದೇ ಹಾಕುವ ತೆರಿಗೆ). ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದದ್ದು ಮೂಲ ಸುಂಕವನ್ನು ಮಾತ್ರ, ಅದರಲ್ಲಿ ಶೇ 41. ಎಂದರೆ ಎಲ್ಲ ರಾಜ್ಯಗಳಿಗೂ ಸೇರಿ ಲೀಟರಿಗೆ 57 ಪೈಸೆ. 15ನೇ ಹಣಕಾಸು ಆಯೋಗದ ಪ್ರಕಾರ 2025-26ರವರೆಗೆ ಅದರಲ್ಲಿ ಕರ್ನಾಟಕಕ್ಕೆ ಇದ್ದದ್ದು ಶೇ 3.647, ಎರಡು ಪೈಸೆ. ಸೆಸ್ ಹೆಚ್ಚಿಸಿ ಮೂಲ ಸುಂಕವನ್ನು ಕುಗ್ಗಿಸಿದರೆ ರಾಜ್ಯಗಳು ತಮ್ಮ ತೆರಿಗೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಜಿಎಸ್‌ಟಿಗೆ ಪೆಟ್ರೋಲನ್ನು ತರುವ ಮಾತು 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ನಡೆದ ಮಂಡಳಿಯ ಸಭೆಯಲ್ಲಿ ಬಂದು ಅಲ್ಲಿಯೇ ನಿಂತದ್ದು ಇದರಿಂದಲೇ ಎಂದು ನನ್ನ ಎಣಿಕೆ.

ದರ ಯಾವಾಗ ಬದಲಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ, ಅದನ್ನೂ ಹೇಳುತ್ತೇನೆ. 2010ರ ಜೂನ್‌ನಲ್ಲಿ ಪೆಟ್ರೋಲ್ ದರ, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರ ಸರ್ಕಾರದ ನಿಯಂತ್ರಣದಿಂದ ಹೊರಬಂದವು. 2017ರ ಜೂನ್ 16ರವರೆಗೆ ಕಂಪನಿಗಳು ಹದಿನೈದು ದಿನಕ್ಕೊಮ್ಮೆ ದರ ಪರಿಷ್ಕರಿಸುತ್ತಿದ್ದವು. ಸಂಜೆ ಟಿ.ವಿ.ಯಲ್ಲಿ ‘ಮಧ್ಯರಾತ್ರಿಯಿಂದ ಏರಿಕೆ’ ಎಂದು ಬಂದರೆ ಸಾಕು, ಊಟ ಬಿಟ್ಟು ಜನ ಬಂಕಿಗೆ ಬರುತ್ತಿದ್ದರು. ಬೈಕಿನ ಸಾಲು ಮುಖ್ಯರಸ್ತೆಗೆ ಬರುತ್ತಿತ್ತು. ಹನ್ನೆರಡಕ್ಕೆ ಸರಿಯಾಗಿ ಮಾರಾಟ ನಿಲ್ಲಿಸಿ ನಾವು ಟಾರ್ಚ್ ಹಿಡಿದು ನೆಲದ ಟ್ಯಾಂಕಿನ ಮುಚ್ಚಳ ತೆರೆಯುತ್ತಿದ್ದೆವು. ಮಟ್ಟ ಅಳೆಯುವ ಹಿತ್ತಾಳೆಯ ಕೋಲು, ಡಿಪ್ ರಾಡ್, ಒರೆಸಿ ತುದಿಗೆ ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿ ಒಳಗೆ ಇಳಿಸುವುದು, ಒದ್ದೆ ಗುರುತು ಎಷ್ಟು ಸೆಂಟಿಮೀಟರಿಗೆ ಬಂತೆಂದು ಓದುವುದು, ಪಟ್ಟಿ ನೋಡಿ ಲೀಟರಿಗೆ ತಿರುಗಿಸುವುದು. ಆಮೇಲೆ ಒಂದೊಂದು ನಳಿಕೆಯ ಮೀಟರ್ ಬರೆದುಕೊಂಡು ಯಂತ್ರಕ್ಕೆ ಹೊಸ ದರ ಹಾಕುವುದು. ಸಾಲಿನಲ್ಲಿ ಉಳಿದವರಿಗೆ ಹೊಸ ದರ. ಅವರ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು, ಹತ್ತು ನಿಮಿಷದಲ್ಲಿ ತಪ್ಪಿಹೋಯಿತು ಎಂದು ಎಷ್ಟೋ ಜನ ಬೇಸರದಿಂದ ಹೋಗಿದ್ದಾರೆ.

ಈಗ ದಿನಾ ಬೆಳಿಗ್ಗೆ ಆರಕ್ಕೆ ದರ ಪರಿಷ್ಕರಣೆ. ಕಾಗದದ ಮೇಲೆ ಅದು ಪ್ರತಿದಿನದ್ದು, ನಡೆಯುವುದು ಬೇರೆ. 2018ರಲ್ಲಿ ನಮ್ಮ ವಿಧಾನಸಭಾ ಚುನಾವಣೆಗೆ ಮುನ್ನ 19 ದಿನ ದರ ಕದಲಲಿಲ್ಲ, ಮೇ 12ರಂದು ಮತದಾನ ಮುಗಿಯಿತು, 14ರಿಂದ ಮತ್ತೆ ಏರತೊಡಗಿತು. 2021ರ ನವೆಂಬರ್‌ನಿಂದ 2022ರ ಮಾರ್ಚ್ 22ರವರೆಗೆ, ಉತ್ತರ ಪ್ರದೇಶ ಮತ್ತಿತರ ರಾಜ್ಯಗಳ ಚುನಾವಣೆ ನಡೆಯುವ ಹೊತ್ತಿಗೆ, 137 ದಿನ ಹಾಗೆಯೇ ನಿಂತಿತ್ತು. ಆಮೇಲೆ ಎರಡು ವಾರದಲ್ಲಿ ಹತ್ತು ರೂಪಾಯಿ ಏರಿತು.

ರಾಘು, ನಿಮ್ಮಲ್ಲಿಯೂ ಏರಿದ್ದು ನಿಜ. ಆದರೆ ಅಲ್ಲಿ ಇಳಿಯಿತು ಕೂಡ. 2022ರ ಜೂನ್‌ನಲ್ಲಿ 5 ಡಾಲರ್ ದಾಟಿದ್ದು ಅದೇ ಡಿಸೆಂಬರ್ ಹೊತ್ತಿಗೆ ಮೂರು ಚಿಲ್ಲರೆಗೆ ಬಂದಿತ್ತು. ಇಲ್ಲಿ 2022ರ ಮೇ ತಿಂಗಳಿಂದ 2024ರ ಮಾರ್ಚ್‌ವರೆಗೆ ಕಂಪನಿಗಳು ದರವನ್ನು ಮುಟ್ಟಲೇ ಇಲ್ಲ. ಮೊದಲ ಕೆಲವು ತಿಂಗಳು ಅವು ನಷ್ಟ ಅನುಭವಿಸಿದವು, ಅದನ್ನು ಒಪ್ಪುತ್ತೇನೆ. 2023-24ರಲ್ಲಿ ಮೂರು ಸರ್ಕಾರಿ ಕಂಪನಿಗಳ ನಿವ್ವಳ ಲಾಭ ಒಟ್ಟು ಸುಮಾರು 81 ಸಾವಿರ ಕೋಟಿ ರೂಪಾಯಿ. ಆಗಲೂ ಸಿಕ್ಕಿದ್ದು ಎರಡು ರೂಪಾಯಿ ಇಳಿಕೆ. ನಿಮ್ಮ ಟೆಕ್ಸಾಸ್‌ನಲ್ಲಿ ರಾಜ್ಯದ ತೆರಿಗೆ ಗ್ಯಾಲನ್ನಿಗೆ 20 ಸೆಂಟ್ 1991ರಿಂದ ಬದಲಾಗಿಲ್ಲ, ಕೇಂದ್ರದ್ದು 18.4 ಸೆಂಟ್ 1993ರಿಂದ. ಎರಡೂ ಸೇರಿ ಲೀಟರಿಗೆ ನಮ್ಮ ಒಂಬತ್ತು ರೂಪಾಯಿ.

ಇನ್ನೊಂದು ಲೆಕ್ಕವಿದೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ನಿಮ್ಮಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಗ್ಯಾಲನ್ 2.70 ಇದ್ದರೆ ಒಂದು ಗಂಟೆಯ ದುಡಿಮೆಗೆ ಹತ್ತು ಲೀಟರ್ ಬರುತ್ತದೆ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಇಡೀ ದಿನ ಬಿಸಿಲಿನಲ್ಲಿ ಮಣ್ಣು ಹೊತ್ತವನಿಗೆ ಮೂರೂವರೆ ಲೀಟರ್. ಅವನ ಹಳೆಯ ಎಕ್ಸೆಲ್ ಮೊಪೆಡ್‌ಗೂ ಊರಿನ ದೊಡ್ಡ ಕಾರಿಗೂ ಲೀಟರಿನ ತೆರಿಗೆ ಒಂದೇ. ಆದಾಯ ತೆರಿಗೆಯಾದರೆ ಇಲ್ಲದವನನ್ನು ಬಿಡುತ್ತದೆ, ಪೆಟ್ರೋಲ್ ತೆರಿಗೆ ಯಾರನ್ನೂ ಬಿಡುವುದಿಲ್ಲ. ಈ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ.

ಎಥೆನಾಲ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್. ಅದರಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ, ಹಳೆಯ ಗಾಡಿಗಳಲ್ಲಿ ಮೈಲೇಜ್ ಸ್ವಲ್ಪ ಬೀಳುತ್ತದೆ. ಶೇ 4ರಷ್ಟು ಬಿದ್ದರೂ 103ಕ್ಕೆ ಕೊಂಡದ್ದು 107ಕ್ಕೆ ಕೊಂಡಂತೆ. ಮೆಕ್ಕೆಜೋಳದ ಎಥೆನಾಲನ್ನು ಕಂಪನಿಗಳು 2025ರಲ್ಲಿ ಲೀಟರಿಗೆ 71.86 ರೂಪಾಯಿಗೆ ಕೊಂಡವು, ತೆರಿಗೆಯಿಲ್ಲದ ಪೆಟ್ರೋಲಿಗಿಂತ ಅದೇ ದುಬಾರಿಯಾಗಿತ್ತು. ದಾವಣಗೆರೆ, ಹಾವೇರಿಯ ರೈತರಿಗೆ ಅದರಿಂದ ಬೇಡಿಕೆ ಬಂದರೆ ಒಳ್ಳೆಯದೇ, ನಾನು ವಿರೋಧಿಸುವುದಿಲ್ಲ. ಮೈಲೇಜ್ ಕಡಿಮೆಯಾದಷ್ಟಾದರೂ ದರ ಇಳಿಸಬೇಕಾಗಿತ್ತು.

ಅಳತೆಯಲ್ಲಿ ಅನುಮಾನ ಬಂದರೆ 110, 210 ರೂಪಾಯಿಗೆ ಹಾಕಿ ಎಂದು ಬಿಡಿ ಮೊತ್ತ ಹೇಳುವುದರಿಂದ ಏನೂ ಆಗುವುದಿಲ್ಲ. ಪ್ರತಿ ಬಂಕಿನಲ್ಲೂ ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ ಐದು ಲೀಟರ್ ಅಳತೆ ಪಾತ್ರೆ ಇರುತ್ತದೆ. ಕೇಳಿದರೆ ಅದಕ್ಕೆ ಹಾಕಿ ತೋರಿಸಲೇಬೇಕು. 25 ಮಿಲಿಲೀಟರ್‌ವರೆಗಿನ ವ್ಯತ್ಯಾಸಕ್ಕೆ ಅವಕಾಶವಿದೆ, ಅದಕ್ಕಿಂತ ಕಡಿಮೆ ಬಂದರೆ ದೂರು ಕೊಡಿ. ಸಂಕೋಚ ಬೇಡ, ಸರಿಯಾಗಿ ನಡೆಸುವ ಬಂಕಿನವರಿಗೆ ಅದರಿಂದ ಬೇಸರವಾಗುವುದಿಲ್ಲ.

ಮಂಜು, ಈಗ ನಿನ್ನ ವ್ಯಾನು. 2024ರ ಜೂನ್ ಆರಂಭದಲ್ಲಿ ಬೆಂಗಳೂರಿನಲ್ಲಿ ಡೀಸೆಲ್ 85.93, 2025ರ ಏಪ್ರಿಲ್‌ನಲ್ಲಿ 91.02 ಆಯಿತು. ನಮ್ಮಲ್ಲಿ ಪೈಸೆಗಳ ವ್ಯತ್ಯಾಸ ಅಷ್ಟೇ. ನಿನ್ನ ಗಾಡಿ ಲೀಟರಿಗೆ 12 ಕಿಲೋಮೀಟರ್ ಕೊಡುತ್ತದೆ ಎಂದಿದ್ದೆ. ಹಾಗಾದರೆ ಕಿಲೋಮೀಟರಿಗೆ 7.16 ಇದ್ದದ್ದು 7.58 ಆಯಿತು, 42 ಪೈಸೆ ಹೆಚ್ಚು. ದಿನಕ್ಕೆ 60 ಕಿಲೋಮೀಟರಿಗೆ 25 ರೂಪಾಯಿ, ತಿಂಗಳಿಗೆ 22 ಶಾಲಾ ದಿನ ಹಿಡಿದರೆ ಸುಮಾರು 560. ಹನ್ನೆರಡು ಮಕ್ಕಳಿಗೆ ಹಂಚಿದರೆ ತಲೆಗೆ 47 ರೂಪಾಯಿ. ಇಷ್ಟು ದಿನ ಇದನ್ನು ನೀನೇ ಕೈಯಿಂದ ಹಾಕಿಕೊಂಡು ಬಂದಿದ್ದೀಯ. ಬರುವ ತಿಂಗಳಿಂದ ತಲಾ 50 ಹೆಚ್ಚಿಸು. ಈ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ತಂದೆತಾಯಿಗಳಿಗೆ ಕೊಡು. ಯಾರಾದರೂ ಒಪ್ಪದಿದ್ದರೆ ನನ್ನ ಹತ್ತಿರ ಮಾತನಾಡಿಸು.