ಪದಚರ್ಚೆ: ‘ಬಳಕೆದಾರಸ್ನೇಹಿ ಮಿಡಿ ತಂತ್ರಾಂಶ’ ಎನ್ನಬಹುದೇ?

ಪ್ರಶ್ನೆ

ಮಾನ್ಯರೆ,

ಕಂಪ್ಯೂಟರಿನಲ್ಲಿ ಸಂಗೀತ ಮಾಡಲು ಹೊಸದಾಗಿ ಹೊರಟವರಿಗಾಗಿ ಸಿದ್ಧವಾಗುತ್ತಿರುವ ಒಂದು ಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ. ವಾದ್ಯಗಳೂ ಕಂಪ್ಯೂಟರುಗಳೂ ಸ್ವರದ ಸಂದೇಶಗಳನ್ನು ಹಂಚಿಕೊಳ್ಳುವ ವ್ಯವಸ್ಥೆಯಾದ ಮಿಡಿಯೊಂದಿಗೆ ಕೆಲಸ ಮಾಡಲು ಯಾವ ಸಾಫ್ಟ್‌ವೇರನ್ನು ಆರಿಸಿಕೊಳ್ಳಬೇಕು ಎಂಬುದು ಅದರ ಮೊದಲ ಅಧ್ಯಾಯದ ವಿಷಯ. ಕರಡು ನಾಳೆ ಸಂಜೆ ಅಚ್ಚಿಗೆ ಹೋಗಬೇಕಾಗಿರುವುದರಿಂದ ತುರ್ತಾಗಿ ಕೇಳುತ್ತಿದ್ದೇನೆ. ‘ಯೂಸರ್ ಫ್ರೆಂಡ್ಲಿ’ ಎಂಬುದಕ್ಕೆ ಪತ್ರಿಕೆಗಳಲ್ಲಿ ರೂಢಿಯಾಗಿರುವ ‘ಬಳಕೆದಾರಸ್ನೇಹಿ’ಯನ್ನೇ ಶೀರ್ಷಿಕೆಗೆ ಬಳಸಿದ್ದೇನೆ. ಆದರೆ ‘ಬಳಕೆದಾರಸ್ನೇಹಿ ಮಿಡಿ ತಂತ್ರಾಂಶದ ಆಯ್ಕೆ’ ಎಂಬ ಸಾಲಿನಿಂದ ತಮಗೆ ಏನೂ ತಿಳಿಯಲಿಲ್ಲವೆಂದು ಕರಡನ್ನು ಓದಿದ ಇಬ್ಬರು ಹೇಳಿದ್ದಾರೆ. ಅಧ್ಯಾಯದ ಒಳಗೆ ‘ವೆಲಾಸಿಟಿ’, ‘ಲೇಟೆನ್ಸಿ’, ‘ಕ್ವಾಂಟೈಸ್’ ಎಂಬ ಇನ್ನೂ ಮೂರು ಪದಗಳು ತೊಡಕಾಗಿವೆ. ಮೊದಲ ಎರಡಕ್ಕೆ ಸದ್ಯ ‘ವೇಗ’, ‘ವಿಳಂಬ’ ಎಂದು ಹಾಕಿದ್ದೇನೆ. ಮೂರನೆಯದಕ್ಕೆ ಒಪ್ಪುವ ಪದ ಸಿಕ್ಕಿಲ್ಲ. ‘ಮಿಡಿ’ ಎಂದೇ ಬರೆಯಬೇಕೇ, ‘ಎಂಐಡಿಐ’ ಎಂದು ಬಿಡಿ ಅಕ್ಷರಗಳಲ್ಲಿ ಬರೆಯಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ ೧

‘ಎಂಐಡಿಐ’ ಎಂದು ಯಾವ ಕಾರಣಕ್ಕೂ ಬರೆಯಬೇಡಿ. ‘ಮಿಡಿ’ ನಮ್ಮದೇ ಧಾತು. ತಂತಿಯನ್ನು ಬೆರಳಿನಿಂದ ಮೀಟುವುದೂ ಥಟ್ಟನೆ ಚಿಮ್ಮುವುದೂ ಅದರ ಅರ್ಥಗಳು. ವೀಣೆ ಮಿಡಿಯುತ್ತದೆ, ಎದೆ ಮಿಡಿಯುತ್ತದೆ, ಕಂಬನಿ ಮಿಡಿಯುತ್ತೇವೆ, ನಾಡಿಗೆ ಮಿಡಿತವಿದೆ. ಚಿಮ್ಮಿ ಹಾರುವ ಮಿಡತೆಗೆ ಹೆಸರು ಬಂದದ್ದೂ ಇದೇ ಧಾತುವಿನಿಂದ. ಈ ಅರ್ಥಕ್ಕೂ ಆ ತಂತ್ರಕ್ಕೂ ಇರುವ ಹೊಂದಿಕೆಯನ್ನು ಗಮನಿಸಿ. ಮಿಡಿ ಕೇಬಲಿನಲ್ಲಿ ಸದ್ದು ಹರಿಯುವುದಿಲ್ಲ. ಕೀಲಿಯನ್ನು ಒತ್ತಿದಾಗ ಯಾವ ಚಾನೆಲ್, ಯಾವ ಸ್ವರ, ಎಷ್ಟು ಬಲ ಎಂಬ ಮೂರು ಬೈಟ್‌ಗಳ ಸಂದೇಶವೊಂದು ಹೋಗುತ್ತದೆ. ಆ ಸಂದೇಶವನ್ನು ನಾದವಾಗಿಸುವುದು ಅದನ್ನು ಪಡೆದುಕೊಳ್ಳುವ ವಾದ್ಯದ ಅಥವಾ ಸಾಫ್ಟ್‌ವೇರಿನ ಕೆಲಸ. ನಾದವಿಲ್ಲದೆ ಮೀಟು ಮಾತ್ರ ದಾಟಿಹೋಗುವ ಇಂಥ ವ್ಯವಸ್ಥೆಗೆ ‘ಮಿಡಿ’ಗಿಂತ ಹೊಂದುವ ಹೆಸರನ್ನು ಕಟ್ಟಲು ಸಾಧ್ಯವಿಲ್ಲ. ಆದ್ದರಿಂದ ಪ್ರತಿ ಸಂದೇಶವನ್ನು ‘ಮಿಡಿತ’ ಎಂದೂ ಸಂದೇಶ ಕಳುಹಿಸುವ ವಾದ್ಯವನ್ನು ‘ಮಿಡಿಕ’ ಎಂದೂ ಕರೆದು, ಇಡೀ ಅಧ್ಯಾಯವನ್ನು ಈ ಒಂದೇ ಧಾತುವಿನ ಮೇಲೆ ನಿಲ್ಲಿಸಬೇಕೆಂದು ಒತ್ತಾಯಿಸುತ್ತೇನೆ.

ಉತ್ತರ ೨

ಇದು ಕಾಕತಾಳೀಯ ಸಾಮ್ಯ, ಅದರಾಚೆಗೆ ಏನೂ ಅಲ್ಲ. ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬುದರ ಮೊದಲಕ್ಷರಗಳಿಂದ ಈ ಹೆಸರು ಹುಟ್ಟಿದೆ. ೧೯೮೩ರ ಜನವರಿಯಲ್ಲಿ ಸೀಕ್ವೆನ್ಶಿಯಲ್ ಸರ್ಕ್ಯೂಟ್ಸ್ ಸಂಸ್ಥೆಯ ಪ್ರಾಫೆಟ್-೬೦೦ ಮತ್ತು ರೋಲ್ಯಾಂಡ್ ಸಂಸ್ಥೆಯ ಜ್ಯೂಪಿಟರ್-೬ ಎಂಬ ಎರಡು ಸಿಂಥಸೈಜರುಗಳನ್ನು (ಎಲೆಕ್ಟ್ರಾನಿಕ್ ಕೀಲಿಮಣೆ ವಾದ್ಯಗಳನ್ನು) ಜೋಡಿಸಿ ತೋರಿಸಿದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿಯವರ ಬಳಗಕ್ಕೆ ಕನ್ನಡದ ಧಾತುಪಾಠದ ಸಂಪರ್ಕವಿರಲಿಲ್ಲ. ಅರ್ಥದ ದೃಷ್ಟಿಯಿಂದಲೂ ‘ಮಿಡಿತ’ ಸಲ್ಲದು. ಮಿಡಿದ ತಂತಿಯ ನಾದ ತಾನಾಗಿಯೇ ಅಡಗುತ್ತದೆ. ಮಿಡಿಯಲ್ಲಿಯಾದರೋ ಸ್ವರವನ್ನು ಆರಂಭಿಸುವ ಸಂದೇಶದಷ್ಟೇ ಅದನ್ನು ನಿಲ್ಲಿಸುವ ಸಂದೇಶವೂ ಮುಖ್ಯ, ಮತ್ತು ಆ ಎರಡನೆಯದು ಬಾರದಿದ್ದರೆ ಆರ್ಗನ್ನಿನಂಥ ದನಿ ನಿಲ್ಲದೆ ಮೊಳಗುತ್ತಲೇ ಇರುತ್ತದೆ. ಪೆಡಲನ್ನು ಒತ್ತಿದ್ದು, ದನಿಯ ಬಗೆಯನ್ನು ಬದಲಾಯಿಸಿದ್ದು, ಶ್ರುತಿಯನ್ನು ಜಾರಿಸಿದ್ದು ಎಲ್ಲವೂ ಸಂದೇಶಗಳೇ. ಇವನ್ನೆಲ್ಲ ‘ಮಿಡಿತ’ವೆಂದರೆ ಓದುಗರು ದಾರಿ ತಪ್ಪುತ್ತಾರೆ.

ಬರೆಯಬೇಕಾದದ್ದು ‘ಮಿಡಿ’ ಎಂದೇ ಹೌದು, ಆದರೆ ಧಾತುವಿನ ಕಾರಣಕ್ಕಲ್ಲ. ಎಲ್ಲ ಭಾಷೆಗಳಲ್ಲಿಯೂ ಅದನ್ನು ಒಂದೇ ಪದವಾಗಿ ಉಚ್ಚರಿಸುತ್ತಾರೆ. ‘ಮಿಡಿಯಲ್ಲಿ’, ‘ಮಿಡಿಗೆ’ ಎಂದು ನಮ್ಮ ವಿಭಕ್ತಿಗಳೂ ಸರಾಗವಾಗಿ ಹತ್ತುತ್ತವೆ. ಗುಂಡಿಯ ಮೇಲೆ ‘ಮಿಡಿ’ ಎಂದಷ್ಟೇ ಬರೆಯುವುದನ್ನು ಮಾತ್ರ ತಪ್ಪಿಸಿ, ಅದು ವಿಧ್ಯರ್ಥ ಕ್ರಿಯಾಪದದಂತೆ ಕಾಣುತ್ತದೆ.

ಉತ್ತರ ೩

ಶೀರ್ಷಿಕೆಯ ಮೊದಲ ಪದದ ಕಡೆಗೆ ಬರೋಣ. ‘ಬಳಕೆ’ ಕನ್ನಡ, ‘ದಾರ’ ಪಾರಸಿಯ ಪ್ರತ್ಯಯ, ‘ಸ್ನೇಹಿ’ ಸಂಸ್ಕೃತ. ಹೀಗೆ ಮೂರು ಮೂಲದ ತುಂಡುಗಳನ್ನು ಒಂದೇ ಸಮಾಸಕ್ಕೆ ತುರುಕಿದ್ದಾರೆ. ಸಂಸ್ಕೃತ, ಕನ್ನಡ ಪದಗಳು ಬೆರೆತ ಅರಿಸಮಾಸವನ್ನು ಹಳಗನ್ನಡದ ವ್ಯಾಕರಣಕಾರ ಕೇಶಿರಾಜನು ಬಿರುದಾವಳಿಯಲ್ಲಿ ಒಪ್ಪಿದ್ದಾನೆ, ಹಿಂದಿನ ಕವಿಗಳ ಪ್ರಯೋಗಗಳಿಗೂ ಮನ್ನಣೆ ಕೊಟ್ಟಿದ್ದಾನೆ. ಸಾಫ್ಟ್‌ವೇರಿನ ಗುಣವನ್ನು ಹೇಳುವ ವಿಶೇಷಣ ಬಿರುದೂ ಅಲ್ಲ, ಕವಿಪ್ರಯೋಗವೂ ಅಲ್ಲ. ಪತ್ರಿಕೆಗಳು ಬಳಸುತ್ತವೆ ಎಂಬುದು ಸಮರ್ಥನೆಯಾಗಲಾರದು. ‘ಬಳಸಲು ಸುಳುವಾದ’ ಎನ್ನಿ, ಸಾಕು.

ಉತ್ತರ ೪

‘ಸುಳುವಾದ’ ಎಂಬುದನ್ನು ಓದಿದ ಹೊಸ ಕಲಿಕೆಯವರು ಪದಕೋಶ ತೆರೆಯಬೇಕಾಗುತ್ತದೆ. ಸುಲಭವೆಂಬ ಅರ್ಥವನ್ನು ಹೇಳಹೊರಟ ಪದವೇ ಕಷ್ಟವಾಗಿರಬಾರದು. ಒಪ್ಪಲಾರೆ.

ಉತ್ತರ ೫

ಮಾನ್ಯರೆ,

ಮೇಲಿನ ಚರ್ಚೆಯಲ್ಲಿ ‘ಬಳಕೆದಾರಸ್ನೇಹಿ’ಯ ಮುಖ್ಯ ದೋಷವನ್ನು ಯಾರೂ ಎತ್ತಿಲ್ಲವೆಂದು ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ. ದೋಷವಿರುವುದು ಸಮಾಸದ ತುಂಡುಗಳ ಮೂಲದಲ್ಲಿ ಅಲ್ಲ; ಆ ಸಮಾಸವು ನುಂಗಿಹಾಕಿರುವ ಚತುರ್ಥಿ ವಿಭಕ್ತಿಯಲ್ಲಿ. ಕನ್ನಡದಲ್ಲಿ ‘ಸುಲಭ’ ಎಂದೊಡನೆ ‘ಯಾರಿಗೆ?’ ಎಂಬ ಪ್ರಶ್ನೆ ಹುಟ್ಟುತ್ತದೆ, ವಾಕ್ಯವೂ ಅದಕ್ಕೆ ಜಾಗ ಇಟ್ಟುಕೊಂಡಿರುತ್ತದೆ. ‘ಬಳಕೆದಾರಸ್ನೇಹಿ’ ಎಂದಾಗ ಆ ಜಾಗ ಮುಚ್ಚಿಹೋಗಿ, ಸುಲಭತೆಯು ಎಲ್ಲರಿಗೂ ಒಂದೇ ಎಂಬಂತೆ ಸಾಫ್ಟ್‌ವೇರಿಗೇ ಅಂಟಿಕೊಂಡ ಗುಣವಾಗಿಬಿಡುತ್ತದೆ. ಮಿಡಿಯ ವಿಷಯದಲ್ಲಿ ಇದು ನಿಜಕ್ಕೂ ಹಾನಿಕರ.

ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಲಿಪಿ) ಓದಬಲ್ಲವರಿಗೆ ಮ್ಯೂಸ್‌ಸ್ಕೋರ್ ಸುಲಭ. ಅದು ಉಚಿತವಾದದ್ದು, ಮುಕ್ತ ಆಕರದ್ದು, ಮಿಡಿ ಕಡತಗಳನ್ನು ತೆರೆಯಬಲ್ಲದು, ಬರೆದದ್ದನ್ನು ಮಿಡಿಯಾಗಿ ಹೊರಗೂ ಕೊಡಬಲ್ಲದು. ಆದರೆ ನೊಟೇಶನ್ ಬಾರದೆ ಕಿವಿಯಿಂದಲೇ ಕಲಿತವರಿಗೆ ಅದರ ಪುಟ ಅಪರಿಚಿತ. ಅಂಥವರಿಗೆ ಸ್ವರಗಳನ್ನು ಪಟ್ಟೆಗಳಾಗಿ ತೋರಿಸುವ ‘ಪಿಯಾನೊ ರೋಲ್’ ಇರುವ ಎಲ್‌ಎಂಎಂಎಸ್, ಗ್ಯಾರೇಜ್‌ಬ್ಯಾಂಡ್ ಅಥವಾ ಎಫ್‌ಎಲ್ ಸ್ಟುಡಿಯೊ ಬೇಗ ಒಗ್ಗುತ್ತದೆ, ಏಕೆಂದರೆ ಅಲ್ಲಿ ಸ್ವರದ ಎತ್ತರವು ಪಟ್ಟೆ ಇರುವ ಎತ್ತರದಲ್ಲಿಯೂ ಸ್ವರದ ಕಾಲವು ಪಟ್ಟೆಯ ಉದ್ದದಲ್ಲಿಯೂ ಕಣ್ಣಿಗೆ ನೇರವಾಗಿ ಕಾಣುತ್ತವೆ. ಗ್ಯಾರೇಜ್‌ಬ್ಯಾಂಡ್ ಉಚಿತವಾದರೂ ಆಪಲ್ ಯಂತ್ರಗಳಲ್ಲಿ ಮಾತ್ರ ನಡೆಯುತ್ತದೆ. ವಿಂಡೋಸ್ ಅಥವಾ ಲಿನಕ್ಸ್ ಇರುವವರಿಗೆ ಅದು ಎಷ್ಟು ಸುಲಭವಾಗಿದ್ದರೇನು, ದಕ್ಕುವುದೇ ಇಲ್ಲ. ರೀಪರ್‌ನಲ್ಲಿ ಪಟ್ಟೆಯ ನೋಟವೂ ನೊಟೇಶನ್ ನೋಟವೂ ಎರಡೂ ಇವೆ, ಆದರೆ ಮೆನುಗಳ ರಾಶಿಯನ್ನು ಕಂಡು ಹೊಸಬರು ಗಾಬರಿಯಾಗುವುದು ಸಹಜ. ಹಾಡಿದ್ದನ್ನು ಧ್ವನಿಮುದ್ರಿಸಲು ಅನೇಕರು ಆಡಾಸಿಟಿಯನ್ನು ಬಳಸಿ ಪಳಗಿರುತ್ತಾರೆ; ಪಳಗಿದ್ದೇ ಸುಲಭವೆಂದು ನಂಬಿ ಮಿಡಿಯ ಸ್ವರಗಳನ್ನು ತಿದ್ದಲು ಅದನ್ನೇ ತೆರೆದರೆ ನಿರಾಶರಾಗುತ್ತಾರೆ, ಏಕೆಂದರೆ ಅದು ಇರುವುದು ಮುದ್ರಿತ ಧ್ವನಿಯ ಕೆಲಸಕ್ಕೆ. ಆದ್ದರಿಂದ ‘ನಿಮಗೆ ಸುಲಭವಾದ ಮಿಡಿ ಸಾಫ್ಟ್‌ವೇರನ್ನು ಆರಿಸಿಕೊಳ್ಳುವುದು’ ಎಂಬ ಶೀರ್ಷಿಕೆಯನ್ನು ಸೂಚಿಸುತ್ತೇನೆ. ಅಧ್ಯಾಯದ ಒಳಗೂ ‘ಸುಲಭ’ ಬಂದಲ್ಲೆಲ್ಲ ‘ನೊಟೇಶನ್ ಓದಬಲ್ಲವರಿಗೆ’, ‘ಕಿವಿಯಿಂದ ಕಲಿತವರಿಗೆ’ ಎಂದು ಚತುರ್ಥಿಯನ್ನು ಬಿಡದೆ ತುಂಬಿಸಿ.

‘ವೆಲಾಸಿಟಿ’ಗೆ ‘ವೇಗ’ ಬೇಡವೇ ಬೇಡ. ಕೀಲಿ ಕೆಳಗೆ ಹೋಗುವ ವೇಗವನ್ನೇ ಕೀಲಿಮಣೆ ಅಳೆಯುತ್ತದೆ ಎಂಬುದು ನಿಜವಾದರೂ, ಸಂಗೀತದವರಿಗೆ ‘ವೇಗ’ವೆಂದರೆ ಹಾಡಿನ ನಡೆ. ‘ಈ ಸ್ವರದ ವೇಗವನ್ನು ೪೦ರಿಂದ ೧೦೦ಕ್ಕೆ ಏರಿಸಿ’ ಎಂದು ಓದಿದವರು ಲಯವನ್ನು ಹೆಚ್ಚಿಸಲು ಹೋಗುತ್ತಾರೆ, ಆದರೆ ಅಲ್ಲಿ ಬದಲಾಗುವುದು ಸಾಮಾನ್ಯವಾಗಿ ದನಿಯ ಗಟ್ಟಿತನ. ೧ರಿಂದ ೧೨೭ರವರೆಗಿನ ಆ ಬೆಲೆಯನ್ನು ‘ಹೊಡೆತದ ಬಲ’ ಎನ್ನುವುದು ಉಚಿತ. ಬೆಲೆ ೦ ಆದರೆ ಆ ಸಂದೇಶವು ಸ್ವರವನ್ನು ನಿಲ್ಲಿಸುವ ಸಂದೇಶವಾಗುತ್ತದೆ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಹೇಳಿ. ‘ಒತ್ತಡ’ ಎಂಬ ಪದವನ್ನು ಮಾತ್ರ ಇಲ್ಲಿ ಖರ್ಚು ಮಾಡಬೇಡಿ. ಕೀಲಿ ಕೆಳಗಿಳಿದ ಮೇಲೂ ಅದನ್ನು ಇನ್ನಷ್ಟು ಅದುಮುವುದಕ್ಕೆ ಬೇರೆಯದೇ ಸಂದೇಶವಿದೆ, ಅದಕ್ಕೆ ಆ ಪದ ಬೇಕಾಗುತ್ತದೆ.

‘ವಿಳಂಬ’ಕ್ಕೂ ಇದೇ ತೊಂದರೆ. ವಿಳಂಬ, ಮಧ್ಯ, ದ್ರುತ ಎಂಬ ಕಾಲಭೇದಗಳನ್ನು ಬಲ್ಲ ಓದುಗರಿಗೆ ‘ವಿಳಂಬವನ್ನು ಕಡಿಮೆ ಮಾಡಿ’ ಎಂದರೆ ಹಾಡನ್ನು ಚುರುಕುಗೊಳಿಸಿ ಎಂದಾಗುತ್ತದೆ. ‘ದನಿಯ ತಡ’ ಎಂದು ಬರೆಯಿರಿ: ಕೀಲಿ ಒತ್ತಿದ ಕ್ಷಣಕ್ಕೂ ದನಿ ಕೇಳಿಸುವ ಕ್ಷಣಕ್ಕೂ ನಡುವಿನ ತಡ. ಸೆಕೆಂಡಿಗೆ ೪೪,೧೦೦ ಸ್ಯಾಂಪಲ್‌ಗಳ ಲೆಕ್ಕದಲ್ಲಿ, ದನಿಯ ಆ ತುಣುಕುಗಳನ್ನು ಕೂಡಿಟ್ಟುಕೊಳ್ಳುವ ಬಫರನ್ನು ೧,೦೨೪ಕ್ಕೆ ಇಟ್ಟರೆ ಅದೊಂದರಿಂದಲೇ ಸುಮಾರು ೨೩ ಮಿಲಿಸೆಕೆಂಡ್ ತಡವಾಗುತ್ತದೆ. ೨೫೬ಕ್ಕೆ ಇಳಿಸಿದರೆ ಸುಮಾರು ೬ ಮಿಲಿಸೆಕೆಂಡ್. ಬಫರನ್ನು ತೀರಾ ಇಳಿಸಿದರೆ ಕಂಪ್ಯೂಟರಿಗೆ ಕೆಲಸ ಮುಗಿಸಲಾಗದೆ ದನಿ ಕಡಿದುಹೋಗುತ್ತದೆ. ಈ ಹೊಂದಿಕೆ ಎಲ್ಲಿದೆ ಎಂದು ಹುಡುಕಾಡಬೇಕಾದ ಸಾಫ್ಟ್‌ವೇರನ್ನು ಹೊಸಬರಿಗೆ ಸುಲಭವೆಂದು ಶಿಫಾರಸು ಮಾಡುವುದು ನ್ಯಾಯವಲ್ಲ.

ಉತ್ತರ ೬

‘ಸಾಫ್ಟ್‌ವೇರ್’, ‘ಬಫರ್’, ‘ಸ್ಯಾಂಪಲ್’, ‘ಪಿಯಾನೊ ರೋಲ್’, ‘ನೊಟೇಶನ್’ ಎಲ್ಲವನ್ನೂ ಹಾಗೆಯೇ ಉಳಿಸಿಕೊಂಡು, ವಿಭಕ್ತಿಯ ಬಗ್ಗೆ ಇಷ್ಟು ಸೂಕ್ಷ್ಮವಾಗಿ ವಾದಿಸುವುದರ ಅರ್ಥವೇನು? ಕನ್ನಡಕ್ಕೆ ಉಳಿದಿರುವ ಪಾಲು ಪ್ರತ್ಯಯಗಳು ಮಾತ್ರವೇ? ‘ತಂತ್ರಾಂಶ’ವನ್ನಾದರೂ ಉಳಿಸಿಕೊಳ್ಳಿ, ‘ಯಂತ್ರಾಂಶ’ದ ಜೊತೆಯಾಗಿ ಅದು ಚೆನ್ನಾಗಿ ನೆಲೆಯೂರಿದೆ.

ಉತ್ತರ ೭

ವಾದ್ಯಗಳ ಹೆಸರುಗಳನ್ನು ನೋಡಿ. ೧೯೯೧ರಲ್ಲಿ ಬಂದ ಜನರಲ್ ಮಿಡಿ ಎಂಬ ಮಾನದಂಡ ೧೨೮ ದನಿಗಳ ಪಟ್ಟಿಯೊಂದನ್ನು ಗೊತ್ತುಮಾಡಿತು. ಅದರಲ್ಲಿ ೧೦೫ನೆಯದು ಸಿತಾರ್, ಅದರ ಆಸುಪಾಸಿನಲ್ಲಿ ಬ್ಯಾಂಜೊ, ಶಮಿಸೆನ್, ಕೊಟೊ. ಯಾವ ಭಾಷೆಯವರೂ ಇವುಗಳಿಗೆ ತಮ್ಮ ಧಾತುಗಳಿಂದ ಹೊಸ ಹೆಸರು ಕಟ್ಟಿಕೊಂಡು ಕೂರಲಿಲ್ಲ. ವಸ್ತುವಿನೊಂದಿಗೆ ಹೆಸರೂ ಬರುತ್ತದೆ.

ಉತ್ತರ ೬ರ ಲೇಖಕರಿಂದ

ಬರಲಿ, ಆದರೆ ನಮ್ಮ ನಾಲಿಗೆಗೆ ಒಗ್ಗಿ ಬರಲಿ. ‘ಫಿಡಲ್’ ಬಂದು ‘ಪಿಟೀಲು’ ಆಯಿತು. ಅದು ಎರವಲು ಎಂದು ಇಂದು ಯಾರಿಗೂ ಅನ್ನಿಸುವುದಿಲ್ಲ. ‘ಸಾಫ್ಟ್‌ವೇರ್’ನಲ್ಲಿರುವ ಒತ್ತಕ್ಷರಗಳ ಸಂತೆಯನ್ನು ಹಾಗೆ ಪಳಗಿಸಿದವರು ಯಾರು? ಪಳಗಿಸದೆ ತಂದಿರಿಸಿದ ಪದವನ್ನು ಎರವಲು ಎನ್ನಲಾರೆ, ಅದು ಶರಣಾಗತಿ.

ಉತ್ತರ ೫ರ ಲೇಖಕರಿಂದ

‘ಪಿಟೀಲು’ ರೂಪುಗೊಂಡದ್ದು ನುಡಿಸುವವರ ಬಾಯಲ್ಲಿ, ಪದ ಕಟ್ಟುವವರ ಮೇಜಿನ ಮೇಲೆ ಅಲ್ಲ. ಅನುವಾದಕರಿಗೆ ನಾಳೆ ಸಂಜೆಯೊಳಗೆ ಕರಡು ಮುಗಿಸಬೇಕಾಗಿದೆ. ಪರದೆಯ ಮೇಲೆ ಓದುಗರ ಕಣ್ಣಿಗೆ ಬೀಳುವ ಹೆಸರುಗಳನ್ನು ಹಾಗೆಯೇ ಬಿಡಬೇಕು, ಇಲ್ಲವಾದರೆ ಕೈಪಿಡಿ ಹಿಡಿದು ಕುಳಿತವರಿಗೆ ಯಾವ ಗುಂಡಿಯನ್ನು ಒತ್ತಬೇಕೆಂದೇ ತಿಳಿಯುವುದಿಲ್ಲ. ಆ ಗುಂಡಿ ಮಾಡುವ ಕೆಲಸವನ್ನು ವಿವರಿಸುವ ವಾಕ್ಯ ಮಾತ್ರ ಪೂರ್ತಿ ಕನ್ನಡವಾಗಿರಬೇಕು. ‘ತಂತ್ರಾಂಶ’ದ ಬಗ್ಗೆ ನನ್ನ ತಕರಾರಿಲ್ಲ.

‘ಕ್ವಾಂಟೈಸ್’ಗೂ ಇದೇ ಕ್ರಮ. ಮೆನುವಿನ ಹೆಸರಾಗಿ ‘ಕ್ವಾಂಟೈಸ್’ ಎಂದೇ ಇರಲಿ, ವಿವರಣೆಯಲ್ಲಿ ‘ಸ್ವರಗಳನ್ನು ಲಯದ ಗೆರೆಗೆ ಕೂರಿಸುವುದು’ ಎನ್ನಿ. ‘ತಾಳಕ್ಕೆ ಕೂರಿಸುವುದು’ ಎನ್ನಬಾರದು, ಏಕೆಂದರೆ ತಾಳವೆಂದರೆ ಇಡೀ ಆವರ್ತ. ಇಲ್ಲಿ ನಡೆಯುವುದು ಅತ್ತಿತ್ತ ಸರಿದ ಪ್ರತಿ ಸ್ವರವನ್ನು ಹತ್ತಿರದ ಎಣಿಕೆಯ ಗೆರೆಗೆ ಎಳೆಯುವ ಕೆಲಸ.

ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಶೀರ್ಷಿಕೆಯನ್ನು ‘ನಿಮಗೆ ಸುಲಭವಾದ ಮಿಡಿ ತಂತ್ರಾಂಶವನ್ನು ಆರಿಸಿಕೊಳ್ಳುವುದು’ ಎಂದು ಬದಲಾಯಿಸಿದ್ದೇನೆ. ‘ಹೊಡೆತದ ಬಲ’, ‘ದನಿಯ ತಡ’, ‘ಲಯದ ಗೆರೆಗೆ ಕೂರಿಸು’ ಮೂರನ್ನೂ ಸ್ವೀಕರಿಸಿದ್ದೇನೆ. ಒಂದೇ ಸಂದೇಹ ಉಳಿದಿದೆ: ಮಿಡಿ ಸಂದೇಶಗಳನ್ನು ಕಳುಹಿಸುವ ಊದುವ ವಾದ್ಯಗಳೂ ಇವೆಯಲ್ಲ, ಅವುಗಳನ್ನು ನುಡಿಸುವವರಿಗೆ ‘ಹೊಡೆತದ ಬಲ’ ಒಪ್ಪುತ್ತದೆಯೇ?

ಉತ್ತರ ೫ರ ಲೇಖಕರಿಂದ

ಊದುವ ವಾದ್ಯದಲ್ಲಿ ಸ್ವರ ಮೊದಲಾಗುವಾಗಿನ ಬಲವು ಒಂದು ಬೆಲೆ, ಸ್ವರ ನಡೆಯುತ್ತಿರುವಾಗ ಉಸಿರು ಏರಿಳಿಯುವುದು ಇನ್ನೊಂದು. ಎರಡನೆಯದಕ್ಕೆ ೨ ಎಂಬ ಸಂಖ್ಯೆಯ ಬೇರೊಂದು ನಿಯಂತ್ರಣ ಸಂದೇಶವೇ ಇದೆ. ಅದನ್ನು ‘ಉಸಿರಿನ ಬಲ’ ಎನ್ನಿ. ಮೊದಲನೆಯದಕ್ಕೆ ಆ ವಾದ್ಯಗಳ ಮಟ್ಟಿಗೆ ‘ಆರಂಭದ ಬಲ’ ಎಂದು ಬರೆಯಿರಿ. ಕೀಲಿಮಣೆಯ ಪುಟಗಳಲ್ಲಿ ‘ಹೊಡೆತದ ಬಲ’ವೇ ಇರಲಿ.