ಅಪ್‌ಡೇಟ್: ಮ್ಯಾನ್ಮಾರ್‌ನ ಯಾಂಗೊನ್‌ನಲ್ಲಿ ಬೀದಿ ತಿಂಡಿ ತಿಂದು ಬಂದೆವು

ಯಾಂಗೊನ್‌ಗೆ ಹೋಗ್ತಿದ್ದೇವೆ, ಅಮ್ಮ ಮೀನು ಮೊಟ್ಟೆ ಮುಟ್ಟಲ್ಲ, ಬೀದಿಯಲ್ಲಿ ಏನು ತಿನ್ನಬಹುದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

‘ತೆ ತಾ ಲುಟ್’, ಅಂದರೆ ಸಸ್ಯಾಹಾರ, ಅನ್ನೋ ಮಾತು ಕಲಿತು ಹೋಗಿದ್ದು ಒಳ್ಳೆಯದಾಯಿತು. ಮೊಹಿಂಗಾ ಅನ್ನೋ ಶಾವಿಗೆ ತಿಂಡಿ ಮೀನಿನ ಸಾರಿನದು, ಅದು ನನಗೊಬ್ಬಳಿಗೇ.

ಅಮ್ಮನಿಗೆ ಹಿಡಿಸಿದ್ದು ಮೊಂಟ್ ಲಿನ್ ಮಯಾ. ಹೆಸರಿನ ಅರ್ಥವೇ ಗಂಡ ಹೆಂಡತಿ ತಿಂಡಿ! ನಮ್ಮ ಪಡ್ಡಿನ ಕಾವಲಿಯಂಥದ್ದೇ ಗುಳಿ ಕಾವಲಿ. ಅಕ್ಕಿ ಹಿಟ್ಟು ಹೊಯ್ದು, ಬೇಯಿಸಿದ ಕಡಲೆ, ಈರುಳ್ಳಿ ಸೊಪ್ಪು ಉದುರಿಸ್ತಾರೆ. ಅಂಚು ಗರಿಗರಿ ಆದಮೇಲೆ ಒಂದನ್ನು ಎಬ್ಬಿಸಿ ಇನ್ನೊಂದರ ಮೇಲೆ ಕವುಚಿದರೆ ಜೋಡಿ ರೆಡಿ. ಕೆಲವಕ್ಕೆ ಗೌಜಲ ಮೊಟ್ಟೆ ಹಾಕ್ತಾರೆ, ಅಮ್ಮನಿಗೆ ಬೇರೆ ಮಾಡಿಸಿದೆವು.

ಸಿಹಿಯಲ್ಲಿ ಸನ್ವಿನ್ ಮಕಿನ್. ರವೆ, ತೆಂಗಿನ ಹಾಲು, ಮೇಲೆ ಗಸಗಸೆ. ನಮ್ಮ ಕೇಸರಿಬಾತಿನ ನೆಂಟನೇ ಸರಿ, ಆದರೆ ಮೇಲಿನಿಂದಲೂ ಕೆಂಡದ ಕಾವು ಕೊಡುವುದರಿಂದ ಕೆಂಪಗೆ ಬೇಯುತ್ತದೆ. ಅಮ್ಮ ಎರಡು ತುಂಡು ತಿಂದು, ಮೂರನೆಯದನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು.

ಸುಡು ಬಿಸಿಲಿಗೆ ಶ್ವೆ ಯಿನ್ ಏ ಕುಡಿಯಲೇಬೇಕು. ತಣ್ಣನೆ ತೆಂಗಿನ ಹಾಲಲ್ಲಿ ಸಾಬಕ್ಕಿ, ಜೆಲ್ಲಿ, ಮೇಲೆ ಒಂದು ತುಂಡು ಬ್ರೆಡ್. ಬ್ರೆಡ್ ಪೂರ್ತಿ ನೆನೆದ ಮೇಲೆ ತಿನ್ನಿ.